ಅಕ್ಕನ ಮಿಷನ್ನು, ನನ್ನ ಮಿಷನ್ನು

ನಮ್ಮಪ್ಪ ಆಸ್ತಿ ಪಾಲು ಮಾಡಲಿಲ್ಲ, ಮಾಡುವಷ್ಟು ಇರಲೂ ಇಲ್ಲ. ಆದರೆ 1986ರ ಬೇಸಿಗೆಯಲ್ಲಿ ಒಂದು ಪಾಲು ಮಾಡಿದರು. ರಾತ್ರಿ ಊಟ ಮುಗಿಸಿ, ಎಲೆಅಡಿಕೆ ತಟ್ಟೆ ಎಳೆದುಕೊಂಡು, ಅಡಿಕೆ ಕತ್ತರಿಸುತ್ತಲೇ, "ದೊಡ್ಡೋಳು ಹೊಲಿಗೆ ಕಲೀಲಿ, ಚಿಕ್ಕೋಳು ಟೈಪಿಂಗಿಗೆ ಹೋಗ್ಲಿ" ಅಂದುಬಿಟ್ಟರು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಅಕ್ಕ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತದಲ್ಲಿ ಗೋತಾ ಹೊಡೆದಿದ್ದಳು. ನಾನು ಪಿಯುಸಿ ಮೆಟ್ಟಿಲು ಹತ್ತಿದ್ದೆ. ಇಂಗ್ಲಿಷ್ ಬಂದವಳಿಗೆ ಟೈಪಿಂಗು, ಲೆಕ್ಕ ಬಾರದವಳಿಗೆ ಹೊಲಿಗೆ ಎಂಬುದು ಅಪ್ಪನ ತರ್ಕ. ಲೆಕ್ಕ ಬಾರದವಳು ಮುಂದೆ ಎದೆಸುತ್ತಳತೆಯ ಕಾಲುಭಾಗ, ಅದಕ್ಕೆ ಮುಕ್ಕಾಲು ಇಂಚು ಕೂಡು, ಅರ್ಧ ಇಂಚು ಕಳೆ ಎಂದು ಬದುಕಿಡೀ ಭಿನ್ನರಾಶಿಯೊಳಗೇ ಇರಬೇಕಾಗುತ್ತದೆ ಎನ್ನುವುದು ಅವರಿಗೆ ಹೊಳೆಯಲಿಲ್ಲ. ಅಕ್ಕನಿಗೂ ಹೊಳೆದಿರಲಿಲ್ಲ, ಹೊಳೆದಿದ್ದರೆ ಓಡಿಹೋಗುತ್ತಿದ್ದಳು.

ಇನ್‌ಸ್ಟಿಟ್ಯೂಟು ಇದ್ದದ್ದು ತಿಪಟೂರಿನ ಕೊಬ್ಬರಿ ಮಂಡಿಯೊಂದರ ಮಹಡಿಯ ಮೇಲೆ. ಕೆಳಗೆ ಕೊಬ್ಬರಿ ಆರಿಸುವ ಹೆಂಗಸರು, ಮೇಲೆ ಅಕ್ಷರ ಕುಟ್ಟುವ ನಾವು. ಬೆಳಿಗ್ಗೆ ಆರರ ಬ್ಯಾಚಿಗೆ ಮೆಟ್ಟಿಲು ಹತ್ತುವಾಗಲೇ ಹಂಚಿನ ಮೇಲೆ ಆಲಿಕಲ್ಲು ಸುರಿದಂಥ ಸದ್ದು ಕೇಳುತ್ತಿತ್ತು. ಒಟ್ಟು ಹತ್ತು ಮಿಷನ್ನು. ರೆಮಿಂಗ್ಟನ್, ಗೋದ್ರೆಜ್, ಒಂದು ಹಾಲ್ಡಾ, ಒಂದು ಫೆಸಿಟ್. ಮೇಷ್ಟ್ರು ಮಾತ್ರ ಅವನ್ನು ಹೆಸರಿನಿಂದ ಕರೆಯದೆ ಕೈದಿಗಳ ಹಾಗೆ ನಂಬರಿನಿಂದ ಕರೆಯುತ್ತಿದ್ದರು. ಮೂರನೇ ನಂಬರು ಬೆಣ್ಣೆಯ ಹಾಗೆ ಓಡುತ್ತದೆಂದು ಪ್ರತೀತಿ, ಅದಕ್ಕಾಗಿ ಐದೂವರೆಗೇ ಬಂದು ಬಾಗಿಲ ಬಳಿ ಕೂರುವವರಿದ್ದರು. ಹೊಸಬರಿಗೆ ಒಂಬತ್ತನೇ ನಂಬರು. ಅದು ಯಾವ ಕಾಲದ್ದೋ, ಅದರಲ್ಲಿ 1 ಅಂಕಿಯ ಕೀಲಿಯೇ ಇರಲಿಲ್ಲ. ಒಂದು ಬೇಕಾದರೆ ಇಂಗ್ಲಿಷಿನ ಸಣ್ಣ ಎಲ್ ಒತ್ತಬೇಕು. ಆಶ್ಚರ್ಯಸೂಚಕ ಬೇಕೆಂದರೆ ಮೊದಲು ತಲೆಯ ಮೇಲೊಂದು ಕೊಕ್ಕೆ ಹೊಡೆದು, ಒಂದು ಮನೆ ಹಿಂದಕ್ಕೆ ಬಂದು, ಅದರ ಕಾಲಡಿಗೆ ಚುಕ್ಕಿ ಇಡಬೇಕು. ಇಷ್ಟು ಮಾಡುವ ಹೊತ್ತಿಗೆ ಆಶ್ಚರ್ಯ ತೀರಿಹೋಗಿರುತ್ತಿತ್ತು.

ಮೊದಲ ಹದಿನೈದು ದಿನ ಒಂದೇ ಮಂತ್ರ: ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಎಡಗೈಯ ಕಿರುಬೆರಳಿಗೆ ಎ ಅಕ್ಷರದ ಉಸ್ತುವಾರಿ. ಅಲ್ಲಿಯವರೆಗೆ ಗೆಳತಿಯರ ಜೊತೆ ಠೂ ಬಿಡುವುದಕ್ಕಷ್ಟೇ ಬಳಕೆಯಲ್ಲಿದ್ದ ಆ ಬೆರಳು ಇದ್ದಕ್ಕಿದ್ದ ಹಾಗೆ ಸಂಸಾರದ ಭಾರ ಹೊತ್ತು ಒಂದು ವಾರದಲ್ಲಿ ಊದಿಕೊಂಡಿತು. ಅಮ್ಮ ಹರಳೆಣ್ಣೆ ಹಚ್ಚಿ, "ಅದೇನು ಓದೋ, ಬೆರಳಿಗೆಲ್ಲಾ ನೋವು ಬರೋವಂಥದ್ದು" ಅಂದಳು. ಮೇಷ್ಟ್ರು ನಮ್ಮ ಹಾಳೆ ನೋಡುತ್ತಿದ್ದುದು ಕಡಿಮೆ. ಕಿಟಕಿಯ ಹತ್ತಿರ ಪೇಪರು ಓದುತ್ತ ಕೂತು ಕಿವಿಯಲ್ಲೇ ತಪ್ಪು ಹಿಡಿಯುತ್ತಿದ್ದರು. "ಒಂಬತ್ತನೇ ನಂಬರು, ಕಣ್ಣು ಕೀಲಿ ಮೇಲಿದೆ." ತಾಳ ತಪ್ಪಿದರೆ ಅವರಿಗೆ ತಿಳಿಯುತ್ತಿತ್ತು. ಎರಡನೇ ಸಲ ಸಿಕ್ಕಿಬಿದ್ದರೆ ಹೆಗಲ ಮೇಲಿನ ಟವೆಲ್ಲು ತಂದು ನಮ್ಮ ಕೈಗಳ ಮೇಲೆ ಹೊದಿಸುತ್ತಿದ್ದರು. ದೇವರ ಕೋಣೆಯಲ್ಲಿ ಮುಚ್ಚಿಟ್ಟ ನೈವೇದ್ಯದ ಹಾಗೆ ಹತ್ತು ಬೆರಳು ಟವೆಲ್ಲಿನ ಕೆಳಗೆ ಮಿಸುಕಾಡುತ್ತಿದ್ದವು.

ಆಮೇಲೆ ಆ ಪ್ರಸಿದ್ಧ ವಾಕ್ಯ. ಇಂಗ್ಲಿಷಿನ ಇಪ್ಪತ್ತಾರೂ ಅಕ್ಷರ ಬರುತ್ತದೆಂದು ಜಗತ್ತೆಲ್ಲ ಕುಟ್ಟುವ, ಕಂದು ನರಿಯೊಂದು ಸೋಮಾರಿ ನಾಯಿಯ ಮೇಲೆ ಹಾರುವ ವಾಕ್ಯ. ನಾವು ಹತ್ತು ಜನ ಸೇರಿ ಆ ನರಿಯನ್ನು ಒಂದು ವರ್ಷ ಹಾರಿಸಿದೆವು. ನಾಯಿ ಎದ್ದದ್ದು ಕಾಣೆ. ಸಾಲು ಮುಗಿಯಲು ಐದಾರು ಅಕ್ಷರ ಇರುವಾಗ ಮಿಷನ್ನಿನೊಳಗೆ ಟಿಣ್ ಎಂದು ಗಂಟೆ ಹೊಡೆಯುತ್ತಿತ್ತು. ಹೊಡೆದ ಕೂಡಲೇ ಎಡಗೈ ತಾನಾಗಿ ಮೇಲೆದ್ದು ಲಿವರನ್ನು ಬಲಕ್ಕೆ ತಳ್ಳಬೇಕು. ಬಲಕ್ಕೆ ಓಡಿದ ಗಾಡಿ ಗೋಡೆಗೆ ಬಡಿದಂತೆ ನಿಲ್ಲುತ್ತಿತ್ತು. ಅದನ್ನು ತಳ್ಳುವಾಗ ಸಿಗುತ್ತಿದ್ದ ಖುಷಿ ಆ ವಯಸ್ಸಿನಲ್ಲಿ ನನಗೆ ಬೇರೆ ಯಾವುದರಲ್ಲೂ ಸಿಗುತ್ತಿರಲಿಲ್ಲ. ಯಾರನ್ನೋ ಕೆನ್ನೆಗೆ ಬಾರಿಸಿದ ಹಾಗೆ, ಆದರೆ ಬೈಗುಳವಿಲ್ಲ.

ಮನೆಯಲ್ಲಿ ಸಂಜೆ ಅಕ್ಕನೂ ನಾನೂ ದೀಪದ ಕೆಳಗೆ ಎದುರುಬದುರು. ಅಕ್ಕನ ಹೊಲಿಗೆ ಟೀಚರು ಮೊದಲ ಮೂರು ತಿಂಗಳು ಬಟ್ಟೆ ಮುಟ್ಟಲು ಬಿಡಲಿಲ್ಲ. ಬರೀ ಪೇಪರ್ ಕಟಿಂಗು. ನಮ್ಮ ಮನೆಗೆ ಪತ್ರಿಕೆ ಬರುತ್ತಿರಲಿಲ್ಲ, ಹಾಗಾಗಿ ನಾನು ಕುಟ್ಟಿ ತಂದ ಹಾಳೆಗಳನ್ನು ಗಂಜಿ ಹಚ್ಚಿ ಅಂಟಿಸಿ, ಅದರ ಮೇಲೆ ಸ್ಕೇಲಿಟ್ಟು ಬ್ಲೌಸು ಬರೆಯುತ್ತಿದ್ದಳು. ಬೆನ್ನಿನ ಭಾಗದ ಮೇಲೆ ಎ ಎಸ್ ಡಿ ಎಫ್, ತೋಳಿನ ಮೇಲೆ ಸೆಮಿಕೋಲನ್ ಎಲ್ ಕೆ ಜೆ, ಕುತ್ತಿಗೆಯ ಬಳಿ ನರಿಯ ಬಾಲ. ಅಮ್ಮನ ಮೊದಲ ಬ್ಲೌಸು ಆ ಅಳತೆಯಲ್ಲೇ ಆದದ್ದು. ಕಂಕುಳಲ್ಲಿ ಹಿಡಿಯುತ್ತಿತ್ತು. "ನಿನ್ನ ಸ್ಪೆಲ್ಲಿಂಗ್ ಮಿಸ್ಟೇಕು" ಎಂದು ಅಕ್ಕ ನನ್ನ ಮೇಲೆ ಹಾಕಿದಳು.

ಪರೀಕ್ಷೆಗೆ ತುಮಕೂರಿಗೆ ಹೋಗಬೇಕು. ಇಂಗ್ಲಿಷ್ ಜೂನಿಯರಿಗೆ ನಿಮಿಷಕ್ಕೆ 30 ಪದ, ಸೀನಿಯರಿಗೆ 45. ಪದವೆಂದರೆ ಐದು ಬಡಿತ ಎಂದು ಲೆಕ್ಕ, ಅದಕ್ಕೆ ಅರ್ಥವಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ನಾವು ಹೋಗುವುದರ ಜೊತೆಗೆ ಮಿಷನ್ನುಗಳೂ ಹೋಗಬೇಕಿತ್ತು. ಮಂಡಿ ಯಜಮಾನರು ಧಾರಾಳಿಗಳು, ಕೊಬ್ಬರಿ ಲಾರಿಯಲ್ಲೇ ಮೂಟೆಗಳ ಮಧ್ಯೆ ಗೋಣಿಚೀಲ ಹಾಸಿ ಹತ್ತೂ ಮಿಷನ್ನು ಕೂರಿಸಿ ಕಳಿಸಿದರು. ಹಿಂದಿನ ಬಸ್ಸಿನಲ್ಲಿ ನಾವು, ಮದುವೆ ದಿಬ್ಬಣದ ಹಾಗೆ. ಪರೀಕ್ಷೆಯ ಹಾಲಿನಲ್ಲಿ ನನ್ನ ಬೆರಳೆಲ್ಲ ಕೊಬ್ಬರಿ ಎಣ್ಣೆಯ ಜಿಡ್ಡು. ಜಾರಿ ಜಾರಿಯೇ ವೇಗ ಬಂದಿತೆಂದು ನನ್ನ ಅನುಮಾನ. ಪಾಸಾದೆ. ಮರುವರ್ಷ ಸೀನಿಯರೂ, ಕನ್ನಡ ಜೂನಿಯರೂ ಆಯಿತು.

1992ರಲ್ಲಿ ಸರ್ಕಾರಿ ಕೆಲಸ ಸಿಕ್ಕಿತು, ಬೆರಳಚ್ಚುಗಾರ್ತಿ ಎಂದು. ನಮ್ಮ ಸೋದರತ್ತೆ ಬಹಳ ವರ್ಷ ನಾನು ಪೊಲೀಸರ ಕಡೆ ಕಳ್ಳರ ಬೆರಳಚ್ಚು ತೆಗೆಯುವವಳೆಂದೇ ತಿಳಿದಿದ್ದರು. ಮನೆಗೆ ಬಂದರೆ ಅವರ ಊರಿನ ಕಳ್ಳತನಗಳ ಪಟ್ಟಿ ಒಪ್ಪಿಸಿ ಹೋಗುತ್ತಿದ್ದರು. ಕಚೇರಿಯ ಆ ಇಪ್ಪತ್ತು ವರ್ಷದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಂದು ಹಾಳೆಗೆ ನಾಲ್ಕು ಕಾರ್ಬನ್ನು, ಒಂದು ತಪ್ಪಿಗೆ ಐದು ಕಡೆ ರಬ್ಬರು. ಆಯುಧಪೂಜೆಯ ದಿನ ಮಿಷನ್ನಿಗೆ ಚೆಂಡುಹೂವಿನ ಹಾರ. ಭೂಮಿ ಯೋಜನೆ ಬಂದು ತಾಲ್ಲೂಕು ಕಚೇರಿಗಳಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬರತೊಡಗಿದ ಮೇಲೆ ನಮ್ಮಲ್ಲಿಗೂ ಒಂದು ಕಂಪ್ಯೂಟರು ಬಂತು. ಅದಕ್ಕೆ ಹೂವಿನ ಚಿತ್ರದ ಮುಸುಕು ಹಾಕಿದರು. ನೋಡಿಕೊಳ್ಳಲು ಗುತ್ತಿಗೆಯ ಮೇಲೆ ಒಬ್ಬ ಹುಡುಗ ಬಂದ. ನನ್ನ ಮಿಷನ್ನು ವರ್ಷಕ್ಕೆ ಎರಡಡಿಯಂತೆ ರೆಕಾರ್ಡ್ ರೂಮಿನ ಕಡೆಗೆ ಸರಿಯಿತು. 1955ರಲ್ಲಿ ಈ ದೇಶದ ಮೊದಲ ಟೈಪ್‌ರೈಟರ್ ಮಾಡಿದ್ದ ಗೋದ್ರೆಜ್ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿದೆ ಎಂದು 2011ರಲ್ಲಿ ಪತ್ರಿಕೆಯಲ್ಲಿ ಬಂದಾಗ ಆ ಹುಡುಗನೇ ನನಗೆ ಓದಿ ಹೇಳಿದ, ಹತ್ತಿರದವರ ಸಾವಿನ ಸುದ್ದಿ ಹೇಳುವಷ್ಟು ಮೆಲ್ಲಗೆ. ಒಳ್ಳೆಯ ಹುಡುಗ.

ಮರುವರ್ಷ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಬಂತು. ಸರ್ಕಾರಿ ನೌಕರರು ಅದನ್ನು ಪಾಸು ಮಾಡಬೇಕು, ಇಲ್ಲದಿದ್ದರೆ ಬಡ್ತಿಗೂ ಇನ್‌ಕ್ರಿಮೆಂಟಿಗೂ ಕಲ್ಲು. ಎರಡು ವರ್ಷ ಹೇಗೋ ತಳ್ಳಿದೆ. ನಲವತ್ತೈದಕ್ಕೆ, 2014ರಲ್ಲಿ, ನಮ್ಮ ಕಚೇರಿಯ ಹಿಂದಿನ ಬೀದಿಯ ಸರ್ಕಾರಿ ಪಾಲಿಟೆಕ್ನಿಕ್ಕಿಗೆ ಹೋಗಿ ಹೆಸರು ಕೊಟ್ಟೆ. ಪಾಲಿಟೆಕ್ನಿಕ್‌ಗಳ ಮೂಲಕ ಸಮುದಾಯ ಅಭಿವೃದ್ಧಿ ಎಂದು ಕೇಂದ್ರ ಸರ್ಕಾರದ ಯೋಜನೆಯೊಂದಿತ್ತು. ಊರಿನ ಯಾರು ಬೇಕಾದರೂ ಬಂದು ಕಲಿಯಬಹುದಿತ್ತು, ಫೀಸಿರಲಿಲ್ಲ, ವಯಸ್ಸು ಕೇಳುತ್ತಿರಲಿಲ್ಲ. ಅರ್ಜಿ ತೆಗೆದುಕೊಂಡ ಗುಮಾಸ್ತರು ನನ್ನನ್ನೊಮ್ಮೆ ನೋಡಿ, "ಹೊಲಿಗೇಗಾ, ಕಂಪ್ಯೂಟರ್‌ಗಾ?" ಅಂದರು.

ನನಗೆ ಅಪ್ಪನ ಅಡಕತ್ತರಿಯ ಸದ್ದು ಕೇಳಿಸಿತು.

"ಕಂಪ್ಯೂಟರ್" ಅಂದೆ. ಎರಡೂ ಕ್ಲಾಸು ಅಕ್ಕಪಕ್ಕ, ನಡುವೆ ಒಂದೇ ಗೋಡೆ. ಸಂಜೆ ಐದೂವರೆಗೆ ನಾವು ಇಲ್ಲಿ ಕೂತರೆ ಆ ಕಡೆಯಿಂದ ಹದಿನೈದು ಹೊಲಿಗೆ ಮಿಷನ್ನಿನ ಕಟಕಟ ಕಟಕಟ. ಕಣ್ಣು ಮುಚ್ಚಿದರೆ ಮಂಡಿಯ ಮಹಡಿ. ಈ ಕಡೆ ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ ಯಾರೂ ಏನೂ ಮಾಡುತ್ತಿಲ್ಲವೇನೋ ಎಂಬಂಥ ಮೌನ.

ಹೇಳಿಕೊಡುವ ಹುಡುಗಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ನಾನು ಅವಳನ್ನು "ಮಿಸ್" ಅನ್ನುವುದು, ಅವಳು ನನ್ನನ್ನು "ಮೇಡಂ" ಅನ್ನುವುದು. ಯಾರು ಯಾರಿಗೆ ಪಾಠ ಹೇಳುತ್ತಿದ್ದಾರೆಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಪಿಯುಸಿ ಮುಗಿಸಿ ಮದುವೆಗೋ ಡಿಗ್ರಿಗೋ ಕಾಯುತ್ತಿದ್ದ ಹುಡುಗಿಯರೇ ಹೆಚ್ಚು. ಗಂಡಸರಲ್ಲಿ ಒಬ್ಬರು ಅರ್ಚಕರು, ದೇವಸ್ಥಾನದ ಸೇವೆಗಳ ರಸೀದಿ ಮಾಡಿಕೊಳ್ಳಬೇಕೆಂದು ಬಂದವರು. ಮೊದಲ ದಿನ ಮೌಸು ಹಿಡಿದು ಬಲಕ್ಕೆ, ಬಲಕ್ಕೆ, ಇನ್ನೂ ಬಲಕ್ಕೆ ಸರಿಸಿಕೊಂಡು ಹೋಗಿ, ಕೊನೆಗೆ ಗಾಬರಿಯಿಂದ, "ಮಿಸ್, ಟೇಬಲ್ ಮುಗಿದೋಯ್ತು, ಈಗೇನ್ಮಾಡ್ಲಿ?" ಅಂದರು. ನಾನು ನಗಲಿಲ್ಲ. ನನಗೂ ಅದೇ ಸಂದೇಹವಿತ್ತು.

ನನ್ನ ಕಷ್ಟ ಬೇರೆ. ಕ್ಲಾಸಿನಲ್ಲಿ ಎಲ್ಲರಿಗಿಂತ ವೇಗವಾಗಿ ಕುಟ್ಟುವವಳು ನಾನೇ, ಎಲ್ಲರಿಗಿಂತ ಹೆಚ್ಚು ತೊಂದರೆ ಕೊಡುವವಳೂ ನಾನೇ. "ಮೇಡಂ, ಮೆತ್ತಗೆ, ಕೀಬೋರ್ಡಿಗೆ ನೋವಾಗುತ್ತೆ" ಎಂದು ಮಿಸ್ ದಿನಾ ಹೇಳುತ್ತಿದ್ದಳು. ಮೂರನೇ ದಿನ ಒಂದು ಕೀಲಿ ಎದ್ದು ಅರ್ಚಕರ ಮಡಿಲಿಗೆ ಬಿತ್ತು, ಅವರು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅದಕ್ಕಿಂತ ಕೆಟ್ಟದ್ದು ಎಡಗೈಯದು. ಸಾಲು ಮುಗಿಯುತ್ತ ಬಂದ ಹಾಗೆ ನನ್ನ ಕಿವಿ ಟಿಣ್ ಎನ್ನುವುದನ್ನು ಕಾಯುತ್ತದೆ. ಗಂಟೆ ಹೊಡೆಯದೆ ಅಕ್ಷರಗಳು ತಾವೇ ಕೆಳಗಿನ ಸಾಲಿಗೆ ಇಳಿದುಬಿಡುತ್ತವೆ. ಅಷ್ಟರಲ್ಲಿ ಎಡಗೈ ಮೇಲೆದ್ದು ಇಲ್ಲದ ಲಿವರನ್ನು ಫಟ್ಟೆಂದು ತಳ್ಳಿ, ಪಕ್ಕದ ಹುಡುಗಿಯ ನೀರಿನ ಬಾಟಲಿಯನ್ನು ಉರುಳಿಸಿರುತ್ತದೆ. ಒಂದೇ ವಾರದಲ್ಲಿ ಮೂರು ಸಲ. ಆ ಹುಡುಗಿ ಮರುವಾರ ಅರ್ಚಕರ ಆಚೆ ಕಡೆ ಹೋಗಿ ಕೂತಳು.

ಎಕ್ಸೆಲ್ ಕಲಿಸಿದ ದಿನ ಮಿಸ್, "ನಿಮ್ಮನಿಮ್ಮ ಮನೆ ಖರ್ಚು ಹಾಕಿ, ಕೆಳಗೆ ಮೊತ್ತ ತೆಗೀರಿ" ಅಂದಳು. ಹಾಲು 1140, ದಿನಸಿ 3250, ಬಾಡಿಗೆ 4500, ಕರೆಂಟು 418, ಗ್ಯಾಸು 420. ಕಣ್ಣು ಕೀಲಿಯ ಮೇಲಿಡದೆ, ಮೇಷ್ಟ್ರು ಮೆಚ್ಚುವ ಹಾಗೆ ಪಟಪಟ ಕುಟ್ಟಿ ಮೊತ್ತ ತೆಗೆದೆ. 8170 ಬಂತು. ಒಂದು ಕ್ಷಣ ಸಂತೋಷವಾಯಿತು, ನನ್ನ ಸಂಸಾರ ಇಷ್ಟು ಅಗ್ಗವೇ ಎಂದು. ಆದರೆ ಮೂವತ್ತು ದಿನವೂ ನೋಡುವ ಲೆಕ್ಕ, ಬೆರಳೆಣಿಸಿದರೆ 9728 ಆಗಬೇಕು. ಮಿಸ್ ಬಂದಳು, ಸೂತ್ರ ನೋಡಿದಳು, ಸರಿ ಇದೆ. ಅಳಿಸಿ ಮತ್ತೆ ಹಾಕಿಸಿದಳು, ಮತ್ತೆ ಅದೇ 8170. ಕಂಪ್ಯೂಟರಿಗೇ ಲೆಕ್ಕ ಬರುವುದಿಲ್ಲ, ಅದನ್ನೂ ಹೊಲಿಗೆಗೆ ಹಾಕಬೇಕು ಎಂದುಕೊಂಡೆ. ಕೊನೆಗೆ ಅವಳು ಬಗ್ಗಿ ನನ್ನ ಬೆರಳನ್ನೇ ನೋಡುತ್ತ, "ಇನ್ನೊಂದ್ಸಲ ಹಾಲು ಹಾಕಿ" ಅಂದಳು. ಹಾಕಿದೆ. "ಅಯ್ಯೋ ಮೇಡಂ, ನೀವು ಒಂದರ ಬದ್ಲು ಎಲ್ ಒತ್ತಿದೀರಾ!"

ಒಂಬತ್ತನೇ ನಂಬರು. ಇಪ್ಪತ್ತೆಂಟು ವರ್ಷವಾದರೂ ನನ್ನ ಬಲಗೈಯ ಉಂಗುರ ಬೆರಳು ಅದರ ಋಣ ತೀರಿಸುತ್ತಲೇ ಇತ್ತು. ನನ್ನ ಕಣ್ಣಿಗೆ ಅದು ಒಂದೇ, ಎಕ್ಸೆಲ್ಲಿಗೆ ಅಕ್ಷರ. ಅಕ್ಷರವನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ. ಹಾಲನ್ನೂ ಕರೆಂಟನ್ನೂ ಬಿಟ್ಟು ಉಳಿದದ್ದನ್ನು ಶಿಸ್ತಾಗಿ ಕೂಡಿತ್ತು.

ಕನ್ನಡ ಕುಟ್ಟುವ ನುಡಿ ತಂತ್ರಾಂಶದ ಪಾಠ ಬಂದಾಗ ಸ್ವಲ್ಪ ಮಾನ ಉಳಿಯಿತು. ಇಂಗ್ಲಿಷಿನ ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಹಾಕಿಕೊಟ್ಟ ಈ ಜೋಡಣೆಯಲ್ಲಿ ಇಡೀ ಕನ್ನಡ ಇಪ್ಪತ್ತಾರು ಕೀಲಿಯೊಳಗೆ ಮಡಿಸಿ ಕೂತಿದೆ. ಅಕ್ಷರಕ್ಕೆ ಒತ್ತು ಬೇಕೆಂದರೆ ನಡುವೆ ಎಫ್ ಒತ್ತಬೇಕು. "ಒತ್ತಿದರೆ ಒತ್ತು" ಎಂದು ಅರ್ಚಕರು ಶ್ಲೋಕದ ಹಾಗೆ ಬಾಯಿಪಾಠ ಮಾಡಿಕೊಂಡರು. ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಮ ಎನ್ನುವ ಅಕ್ಷರವೇ ಇರಲಿಲ್ಲ, ವ ಹೊಡೆದು ಅದಕ್ಕೊಂದು ಕೊಂಬು ಸಿಕ್ಕಿಸಿದರೆ ಮ. ನಾನದನ್ನು ಹೇಳಿದಾಗ ಹುಡುಗಿಯರು ನಂಬಲಿಲ್ಲ. ಆದರೆ ಒಂದು ದಿನ ನುಡಿಯಲ್ಲಿ ಮಾಡಿದ ಕಡತವನ್ನು ಮಗನ ಲ್ಯಾಪ್‌ಟಾಪಿನಲ್ಲಿ ತೆರೆದಾಗ, ಫಾಂಟಿಲ್ಲದೆ ಕನ್ನಡವೆಲ್ಲ ತಲೆಯ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳಾಗಿ ಕೆದರಿಬಿದ್ದಿತ್ತು. ಆ ಕಸದೊಳಗೆ ಕೂತು ಹುಡುಕಿದೆ. ಒಂದೊಂದು ಮ ಇರಬೇಕಾದ ಜಾಗದಲ್ಲೂ ವ ಅಕ್ಷರದ ಚೂರುಗಳು, ಬೆನ್ನಿಗೇ ಅದೇ ಕೊಂಬು. ಹಳೆಯ ಮಿಷನ್ನಿನ ಚಾಳಿ ಇದರ ಹೊಟ್ಟೆಯೊಳಗೆ ಹಾಗೇ ಉಳಿದಿತ್ತು! ಈಗ ಆಶ್ಚರ್ಯಸೂಚಕಕ್ಕೆ ಒಂದೇ ಒತ್ತು ಸಾಕು, ಅದಕ್ಕೇ ಹಾಕಿದ್ದೇನೆ.

ಕಂಟ್ರೋಲ್ ಝಡ್ ಕಲಿಸಿದ ದಿನ ಅರ್ಚಕರು, "ಹಿಂಗೇ ಬಾಳಿಗೂ ಒಂದಿದ್ದಿದ್ರೆ..." ಎಂದು ಶುರುಮಾಡಿದರು. ಮಿಸ್ "ಟೈಮಾಯ್ತು" ಎಂದು ಫ್ಯಾನ್ ಆರಿಸಿದಳು. ಆ ಹುಡುಗಿಯ ಮೇಲೆ ನನಗೆ ಗೌರವ ಬಂದದ್ದು ಅವತ್ತೇ.

ಇಮೇಲಿನ ಪಾಠದಲ್ಲಿ ಸಿಸಿ ಎಂಬ ಪೆಟ್ಟಿಗೆ ಬಂತು. "ಇನ್ನೊಬ್ರಿಗೂ ಕಳಿಸ್ಬೇಕು ಅಂದ್ರೆ ಇಲ್ಲಿ ಹಾಕ್ಬೇಕು" ಅಂದಳು ಮಿಸ್. ಸಿಸಿ ಅಂದರೇನು ಎಂದು ಒಬ್ಬಳು ಕೇಳಿದಳು. ಮಿಸ್ ನನ್ನ ಮುಖ ನೋಡಿದಳು. "ಕಾರ್ಬನ್ ಕಾಪಿ" ಅಂದೆ. ಕಾರ್ಬನ್ ಅಂದರೆ? ವಿಜ್ಞಾನ ಓದಿದವಳು ಇಂಗಾಲ ಅಂದಳು. ಎರಡು ಹಾಳೆಯ ನಡುವೆ ಇಡುವ ಕಪ್ಪು ಕಾಗದ, ಬಡಿದದ್ದು ಕೆಳಗಿನದಕ್ಕೂ ಮೂಡುತ್ತದೆ ಎಂದು ಕೈಯಲ್ಲಿ ತೋರಿಸಿದೆ. ಹನ್ನೆರಡು ಜೋಡಿ ಕಣ್ಣು, ಒಂದರಲ್ಲೂ ಬೆಳಕಿಲ್ಲ. ನಾನು ಎದ್ದು ಪಕ್ಕದ ಕೋಣೆಗೆ ಹೋಗಿ, "ಕಾರ್ಬನ್ ಇದೆಯೇನ್ರಮ್ಮಾ?" ಅಂದೆ. ಹೊಲಿಗೆಯ ಹುಡುಗಿಯೊಬ್ಬಳು ಏನೂ ಕೇಳದೆ ಡಬ್ಬಿಯಿಂದ ಒಂದು ಹಳದಿ, ಒಂದು ಕಪ್ಪು ತೆಗೆದು ಕೊಟ್ಟಳು. ಕಸೂತಿಯ ಚಿತ್ರ ಬಟ್ಟೆಗೆ ಇಳಿಸಲು ಅವರಿಗೆ ಅದು ದಿನಬಳಕೆ. ಕಪ್ಪು ಕಾರ್ಬನ್ನಿನ ಮೇಲೆ ಯಾರದೋ ಸೆರಗಿನ ನವಿಲು ಬೆಳ್ಳಗೆ ಉಳಿದಿತ್ತು. ನಾನು ಅದನ್ನು ಕಂಪ್ಯೂಟರ್ ಹುಡುಗಿಯರ ಮಧ್ಯೆ ಹಿಡಿದು ನಿಂತೆ, ಅವರು ಒಬ್ಬೊಬ್ಬರಾಗಿ ಮುಟ್ಟಿ ನೋಡಿ ಬೆರಳು ಕಪ್ಪು ಮಾಡಿಕೊಂಡರು. ಮಿಸ್ ಕೂಡ.

ಗೂಗಲ್‌ನಲ್ಲಿ ಹುಡುಕುವುದು ಕಲಿತ ದಿನ ನಾನು ಮೊದಲು ಹುಡುಕಿದ್ದು ಟೈಪ್‌ರೈಟರನ್ನು. ಪರದೆಯ ಮೇಲೆ ಬಂದ ಚಿತ್ರ ನೋಡಿ, ಹೊಲಿಗೆ ಮಿಷನ್ನು ಬಂತಲ್ಲ, ತಪ್ಪು ಒತ್ತಿದೆನೇನೋ ಎಂದುಕೊಂಡೆ. ತಪ್ಪಾಗಿರಲಿಲ್ಲ. ಅಮೆರಿಕದ ಶೋಲ್ಸ್ ಎಂಬವನ ಮಿಷನ್ನನ್ನು 1874ರಲ್ಲಿ ಮಾರುಕಟ್ಟೆಗೆ ತಂದ ರೆಮಿಂಗ್ಟನ್ ಕಂಪನಿಯವರು ಬಂದೂಕಿನವರು, ಹೊಲಿಗೆ ಮಿಷನ್ನಿನವರು. ಅದನ್ನು ತಯಾರಿಸಿದ್ದು ಹೊಲಿಗೆ ಮಿಷನ್ನಿನ ವಿಭಾಗದಲ್ಲೇ. ಹಾಗಾಗಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಮೈಗೆಲ್ಲ ಹೂಬಳ್ಳಿ ಬರೆದು, ಕೆಳಗೆ ಕಾಲಿನಲ್ಲಿ ತುಳಿಯುವ ಪೆಡಲು ಕೊಟ್ಟಿದ್ದರು. ಸಾಲು ಮುಗಿದರೆ ಕಾಲಿನಿಂದ ಒದ್ದು ಗಾಡಿ ತಿರುಗಿಸಬೇಕಿತ್ತು. ಬರುತ್ತಿದ್ದುದು ದೊಡ್ಡಕ್ಷರ ಮಾತ್ರ. ಸಣ್ಣಕ್ಷರಕ್ಕೂ ಶಿಫ್ಟ್ ಕೀಲಿಗೂ 1878ರವರೆಗೆ ಕಾಯಬೇಕಾಯಿತು.

ಆ ರಾತ್ರಿ ತಿಪಟೂರಿಗೆ ಫೋನು ಮಾಡಿ ಅಕ್ಕನಿಗೆ ಎಲ್ಲ ಹೇಳಿದೆ. ಅಪ್ಪ ಪಾಲು ಮಾಡಿದ ಎರಡು ಮಿಷನ್ನೂ ಒಂದೇ ಮನೆಯಲ್ಲಿ ಹುಟ್ಟಿದವು ಕಣೇ ಅಂದೆ. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ನಿಂದಕ್ಕೆ ಕಾಲು ಯಾಕೆ ಕಿತ್ತಾಕಿದ್ರು?" ಅಂದಳು.

ಪರೀಕ್ಷೆ ಪಾಸಾಯಿತು. ಇನ್‌ಕ್ರಿಮೆಂಟು ಬಂತು. ದಸರಾ ರಜೆಗೆ ಊರಿಗೆ ಹೋಗುವಾಗ ಅಕ್ಕನಿಗೆಂದು ಅವಳ ಅಂಗಡಿಯ ದರಪಟ್ಟಿ ನುಡಿಯಲ್ಲಿ ಮಾಡಿ ಪ್ರಿಂಟು ತೆಗೆದುಕೊಂಡು ಹೋದೆ. ಸಾದಾ ಬ್ಲೌಸು, ಲೈನಿಂಗ್ ಬ್ಲೌಸು, ಸೀರೆಗೆ ಫಾಲ್, ಜಿಗ್‌ಜಾಗ್, ಕುಚ್ಚು. ಸುತ್ತ ಬಾರ್ಡರು, ಮೂಲೆಗೊಂದು ಹೂವು. ಅಪ್ಪ 1986ರಲ್ಲಿ ಕೊಡಿಸಿದ ಮಿಷನ್ನಿನ ಮುಂದೆ ಅಕ್ಕ ಕೂತಿದ್ದಳು. ಅದು ಇವತ್ತಿಗೂ ಓಡುತ್ತದೆ, ವರ್ಷಕ್ಕೊಂದು ಬೆಲ್ಟು ಕೇಳುತ್ತದೆ, ಅಷ್ಟೆ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕೊರಳಿನ ಟೇಪು ಎಳೆದು ಎಡಗಡೆ ಅಳೆದಳು, ಬಲಗಡೆ ಅಳೆದಳು.

"ಒಂದು ಕಡೆ ಒಂದಿಂಚು, ಇನ್ನೊಂದು ಕಡೆ ಮುಕ್ಕಾಲು. ಮಾರ್ಜಿನ್ ಸಮ ಬಿಡಬಾರ್ದೇನೇ?"

ನಾನು ಬ್ಯಾಗಿನಿಂದ ಹಾಳಾದ ಪ್ರಿಂಟುಗಳನ್ನು ತೆಗೆದೆ. ಫಾಂಟು ಕೆಟ್ಟದ್ದು, ದರ ತಪ್ಪಿದ್ದು, ಹೂವು ತಲೆಕೆಳಗಾದದ್ದು, ಒಟ್ಟು ಹನ್ನೊಂದು. ಇವನ್ನೆಲ್ಲ ದಾಟಿ ಇಲ್ಲಿಗೆ ಬಂದಿದ್ದೇನೆ, ಕಾಲಿಂಚಿಗೆ ಹಿಡಿಯಬೇಡ ಎಂದು ತೋರಿಸಿ, ಮುದುರಿ ಕಸದ ಬುಟ್ಟಿಗೆ ಹಾಕಲು ಹೋದೆ. ಅಕ್ಕ ಕೈ ಹಿಡಿದಳು. ಹಾಳೆಗಳನ್ನು ಕಿತ್ತುಕೊಂಡು, ತೊಡೆಯ ಮೇಲಿಟ್ಟು ಅಂಗೈಯಲ್ಲಿ ಸುಕ್ಕು ತೀಡಿ, ಒಂದಕ್ಕೊಂದು ಅಂಚು ಹೊಂದಿಸಿದಳು.

"ಬೆನ್ನಿಗೆ ಸಾಲಲ್ಲ" ಅಂದಳು. "ತೋಳಿಗಾಗುತ್ತೆ, ಬಿಡು."